ಗರಿಕೆಗೆ ಗೀಟು ಹಾಕಿದ ಕಥೆ

ನಮ್ಮ ಸೊಸೈಟಿ ಮೀಟಿಂಗುಗಳಲ್ಲಿ ಸಾಧಾರಣವಾಗಿ ಎರಡೇ ವಿಷಯ: ನೀರು ಮತ್ತು ಪಾರ್ಕಿಂಗ್. ಕಳೆದ ಮಳೆಗಾಲ ಮುಗಿದ ಮೇಲೆ ಮೂರನೆಯದೊಂದು ಸೇರಿಕೊಂಡಿತು, ಹುಲ್ಲು. ಆಂಟಾಪ್ ಹಿಲ್‌ನ ನಮ್ಮ ಕಟ್ಟಡದ ಮುಂದೆ ಇಪ್ಪತ್ತಡಿ ಉದ್ದ, ಎಂಟಡಿ ಅಗಲದ ಹುಲ್ಲಿನ ಪಟ್ಟಿಯೊಂದಿದೆ. ಅದನ್ನು ಲಾನ್ ಅಂತ ಕರೆಯುವುದು ನಮ್ಮ ದೊಡ್ಡಸ್ತಿಕೆ ಅಷ್ಟೇ. ಮಳೆ ನಿಲ್ಲುವ ಹೊತ್ತಿಗೆ ಅದು ನಡೆಯುವ ದಾರಿಯ ಮೇಲೆ ಒಂದಡಿ ಹಬ್ಬಿತ್ತು. ಹಿರಿಯರೊಬ್ಬರು ಎಡವಿ ಬೀಳುವುದರಲ್ಲಿದ್ದರು. "ಎಲ್ಲ ಕಿತ್ತು ಪೇವರ್ ಬ್ಲಾಕ್ ಹಾಕಿಸೋಣ" ಎಂದು ಪ್ರಸ್ತಾಪ ಬಂತು. ಒಂದೊಂದೇ ಕೈ ಮೇಲೇರುತ್ತಿತ್ತು. ನನಗೇನಾಯಿತೋ, "ಆರು ತಿಂಗಳು ಕೊಡಿ, ಅಂಚು ನಾನು ನೋಡಿಕೊಳ್ತೇನೆ" ಅಂದುಬಿಟ್ಟೆ.

ಗೀಟು ಎಳೆಯುವುದು ನನಗೆ ಹೊಸದಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕ್ ಸೇರಿದಾಗ ಇನ್ನೂ ದಪ್ಪ ಲೆಡ್ಜರುಗಳ ಕಾಲ. ರೂಲುದೊಣ್ಣೆ ಉರುಳಿಸಿ ಕೆಂಪು ಗೀಟು ಎಳೆದವನು ನಾನು. ಆದರೆ ಲೆಡ್ಜರಿನ ಗೀಟು ಎಳೆದಲ್ಲೇ ಇರುತ್ತದೆ. ಹುಲ್ಲಿಗೆ ಹಾಕಿದ ಗೀಟು ಹದಿನೈದೇ ದಿನಕ್ಕೆ ಮಾಯ! ಈ ಗೀಟಿನ ಹುಚ್ಚು ಯಾರಿಗೆ, ಯಾವಾಗ ಹಿಡಿಯಿತು ಅಂತ ಹುಡುಕಿಕೊಂಡು ಹೋದವನು ಇಂಗ್ಲೆಂಡ್, ಬೊಂಬಾಯಿ, ಬೆಂಗಳೂರು ಎಲ್ಲ ಸುತ್ತಿ ಬಂದೆ. ಕುರ್ಚಿಯಲ್ಲಿ ಕೂತೇ, ಬಿಡಿ.

ಮೊದಲು ನಮ್ಮೂರಿನ ಮಾತು. ಕರಾವಳಿಯವರಾದ ನಮಗೆ ಅಂಗಳದಲ್ಲಿ ಹುಲ್ಲು ಇರಬಾರದು. 'ಅವರ ಅಂಗಳದಲ್ಲಿ ಹುಲ್ಲು ಬೆಳೆದಿದೆ' ಅಂದರೆ ಆ ಮನೆ ಹಾಳುಬಿದ್ದಿದೆ ಎಂದೇ ಅರ್ಥ. ಮಳೆಗಾಲ ಕಳೆದ ಕೂಡಲೇ ಅಂಗಳದ ಹುಲ್ಲು ಕೆತ್ತಿ, ಮಣ್ಣು ಹದಮಾಡಿ, ಮರದ ಹಲಗೆಯಿಂದ ಬಡಿದು, ಸೆಗಣಿ ಸಾರಿಸುತ್ತಿದ್ದರು. ಭತ್ತದ ತೆನೆ ಬಂದು ಬೀಳುವುದು ಅಲ್ಲೇ ಅಲ್ಲವೇ? ಅಂಚು ನಮ್ಮಲ್ಲೂ ಇತ್ತು, ಆದರೆ ತಿರುಗುಮುರುಗಾಗಿ. ಒಳಗೆ ನುಣ್ಣನೆಯ ಮಣ್ಣು, ಹೊರಗೆ ಹುಲ್ಲು. ಹುಲ್ಲನ್ನು ಒಳಗಿಟ್ಟು ಮಣ್ಣನ್ನು ಹೊರಗಿಡುವ ಪದ್ಧತಿ ಸಮುದ್ರ ದಾಟಿ ಬಂದದ್ದು.

ಇಂಗ್ಲೆಂಡಿನ ಜಮೀನುದಾರರಿಗೆ ಮನೆ ಮುಂದಿನ ಹುಲ್ಲು ಐಶ್ವರ್ಯದ ಜಾಹೀರಾತು. ಏನನ್ನೂ ಬೆಳೆಯದೆ ಇಷ್ಟು ಭೂಮಿ ಬಿಡಬಲ್ಲೆ ಅಂತ ತೋರಿಸುವುದು. ಹುಲ್ಲು ಮೇಯಲು ಕುರಿ, ಕೊಯ್ಯಲು ಉದ್ದ ಹಿಡಿಯ ಕುಡುಗೋಲು ಹಿಡಿದ ಆಳುಗಳು. ಕುರಿ ಮನೆಬಾಗಿಲಿಗೆ ಬರಬಾರದು, ಆದರೆ ಬೇಲಿ ಕಣ್ಣಿಗೆ ಬೀಳಬಾರದು. ಅದಕ್ಕೆಂದು ಹುಲ್ಲಿನ ನಡುವೆಯೇ ದೂರಕ್ಕೆ ಕಾಣದಂಥ ಕಂದಕ ತೋಡುತ್ತಿದ್ದರು. ಹದಿನೆಂಟನೇ ಶತಮಾನದ ಆ ಕಂದಕದ ಹೆಸರು 'ಹಾ-ಹಾ'. ತಮಾಷೆಯಲ್ಲ, ನಿಜವಾಗಿ ಅದೇ ಹೆಸರು.

ಆಮೇಲೆ ಬಂದವನು ಎಡ್ವಿನ್ ಬಡ್ಡಿಂಗ್. ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಸೀಮೆ ಉಣ್ಣೆ ಬಟ್ಟೆಗೆ ಹೆಸರುವಾಸಿ. ಅಲ್ಲಿನ ಗಿರಣಿಗಳಲ್ಲಿ ಬಟ್ಟೆಯ ಮೇಲೆ ಎದ್ದ ನಾರನ್ನು ಸಮನಾಗಿ ಕತ್ತರಿಸಲು ತಿರುಗುವ ಅಲಗುಗಳ ಯಂತ್ರವಿತ್ತು. ಬಟ್ಟೆಯ ಕೂದಲು ಕತ್ತರಿಸುವುದು ಹುಲ್ಲನ್ನೂ ಕತ್ತರಿಸಬಹುದಲ್ಲ ಅಂತ ಬಡ್ಡಿಂಗ್‌ಗೆ ಹೊಳೆಯಿತು. 1830ರಲ್ಲಿ ಪೇಟೆಂಟ್ ಸಿಕ್ಕಿತು. ಜನ ನಕ್ಕಾರು ಅಂತ ರಾತ್ರಿ ಹೊತ್ತು ಅದನ್ನು ಪರೀಕ್ಷೆ ಮಾಡುತ್ತಿದ್ದನಂತೆ. ಮುಂದೆ ಕುದುರೆ ಎಳೆಯುವ ದೊಡ್ಡ ಯಂತ್ರಗಳು ಬಂದವು. ಗೊರಸಿನ ಗುರುತು ಬೀಳದಿರಲೆಂದು ಕುದುರೆಗೆ ಚರ್ಮದ ಬೂಟು! ನಮ್ಮ ದೇಶದ ದೊಡ್ಡ ಉದ್ಯಾನಗಳಲ್ಲಿ ಆ ಕೆಲಸ ಎತ್ತುಗಳ ಪಾಲಿಗೆ ಬಂತು.

ಯಂತ್ರದಿಂದಾಗಿ ಸಾಧಾರಣ ಮನೆಯವರಿಗೂ ಲಾನ್ ಕೈಗೆಟುಕಿತು. ಆದರೆ ಒಂದು ಸಂಗತಿ ಗಮನಿಸಿ. ಯಂತ್ರ ನಡುವನ್ನು ಸವರುತ್ತದೆ, ಅಂಚಿಗೆ ಬಂದಾಗ ಸೋಲುತ್ತದೆ. ಅಂಚಿಗೆ ಕೈಯೇ ಬೇಕು. ಒಬ್ಬ ಮನುಷ್ಯ ಮೊಣಕಾಲೂರಿ ಕೂರಲೇಬೇಕು.

ಬೊಂಬಾಯಿಯಲ್ಲಿ ವಿಶಾಲವಾದ ಹುಲ್ಲು ಬಂದದ್ದು ಅಂದಕ್ಕಲ್ಲ, ತೋಪಿಗೆ. ಕೋಟೆಯ ಮೇಲಿಂದ ಹಾರಿಸುವ ಗುಂಡಿಗೆ ಅಡ್ಡಿಯಿರಬಾರದೆಂದು ಮನೆಮರಗಳನ್ನು ತೆಗೆಸಿ ಮಾಡಿದ ಬಯಲೇ ಎಸ್ಪ್ಲನೇಡ್. ಇವತ್ತಿನ ಓವಲ್, ಕ್ರಾಸ್, ಆಜಾದ್ ಮೈದಾನಗಳು ಅದರದೇ ತುಂಡುಗಳು. 1860ರ ದಶಕದಲ್ಲಿ ಕೋಟೆಗೋಡೆ ಉರುಳಿತು, ಬಯಲು ಉಳಿಯಿತು. ಅಲ್ಲಿ ಪಾರ್ಸಿ, ಹಿಂದೂ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಬಾಂಬೆ ಜಿಮ್‌ಖಾನಾದ ಬಿಳಿಯರಿಗೆ ತಮ್ಮದೇ ಮೈದಾನವಿತ್ತು, ಭಾರತೀಯರಿಗೆ ಅಲ್ಲಿ ಪ್ರವೇಶವಿಲ್ಲ. ಆದರೂ ಪೋಲೋ ಆಡಲು ಅವರು ಬರುತ್ತಿದ್ದದ್ದು ಈ ಹುಡುಗರ ಜಾಗಕ್ಕೆ. ಕುದುರೆ ಗೊರಸಿಗೆ ಹುಲ್ಲೆಲ್ಲ ಕಿತ್ತು ಹೋಗಿ ಚೆಂಡು ಎಲ್ಲೆಲ್ಲೋ ಪುಟಿಯುತ್ತಿತ್ತು. 1880ರ ದಶಕದ ಆರಂಭದಲ್ಲಿ ಸರ್ಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಹೋಯಿತು. ಈ ಜಗಳವನ್ನು ಶಾಪೂರ್ಜಿ ಸೊರಾಬ್ಜಿ ಎಂಬ ಪಾರ್ಸಿ ಮಹನೀಯರು 1897ರಲ್ಲಿ ಪುಸ್ತಕವಾಗಿಯೇ ಬರೆದಿಟ್ಟರು. ಹುಲ್ಲಿನ ಅಂಚು ಬರೀ ಅಂದದ ವಿಷಯವಲ್ಲ ಅಂತ ನನಗೆ ಅರ್ಥವಾದದ್ದು ಇದನ್ನು ಓದಿದಾಗ. ಗೀಟು ಎಳೆದ ಕಡೆಯಲ್ಲೆಲ್ಲ ಯಾರು ಒಳಗೆ, ಯಾರು ಹೊರಗೆ ಅನ್ನುವ ಪ್ರಶ್ನೆಯೂ ಇರುತ್ತದೆ.

ನಮ್ಮ ಮನೆಯ ಹತ್ತಿರಕ್ಕೆ ಬರೋಣ. 1896ರಲ್ಲಿ ಪ್ಲೇಗ್ ಬಂದು ಇಕ್ಕಟ್ಟಾದ ಬೊಂಬಾಯಿ ನಡುಗಿತು. 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್, ಮಾಟುಂಗಾ ಕಡೆ ಗಾಳಿ ಬೆಳಕಿಗೆ ಜಾಗ ಬಿಟ್ಟು ಹೊಸ ಬಡಾವಣೆಗಳು ಎದ್ದವು. ಹಾರ್ಬರ್ ಲೈನ್ ದಾಟಿ ನಾವು ಸಂಜೆ ವಾಕಿಂಗ್ ಹೋಗುವ ಫೈವ್ ಗಾರ್ಡನ್ಸ್ ಆ ಕಾಲದ ಬಳುವಳಿ. ಪಕ್ಕದ ಮಾಟುಂಗಾದಲ್ಲಿ ದಕ್ಷಿಣದವರು ಫ್ಲ್ಯಾಟು ಹಿಡಿದು ನೆಲೆಸಿದರು. ಮೈಸೂರು ಅಸೋಸಿಯೇಷನ್ ಅಲ್ಲೇ ಇದೆ. ಈ ಬಡಾವಣೆಗಳ ಬಗ್ಗೆ ನಿಖಿಲ್ ರಾವ್ ಅವರು 2013ರಲ್ಲಿ ಬರೆದ ಇತಿಹಾಸದ ಪುಸ್ತಕದ ಹೆಸರು 'ಹೌಸ್, ಬಟ್ ನೋ ಗಾರ್ಡನ್'. ಮನೆ ಇದೆ, ತೋಟ ಇಲ್ಲ. ನಮ್ಮೆಲ್ಲರ ಜಾತಕ ಆ ಹೆಸರಲ್ಲೇ ಇದೆ ಅಲ್ಲವೇ?

ಕನ್ನಡ ನಾಡಿನಲ್ಲಿ ನಾನು ಮೊದಲು ನೋಡಿದ ಲಾನ್ ಬೃಂದಾವನದ್ದು, ಶಾಲೆಯ ಪ್ರವಾಸದಲ್ಲಿ. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ 1927ರಲ್ಲಿ ಶುರುವಾಗಿ 1932ರಲ್ಲಿ ಮುಗಿದ ಉದ್ಯಾನ ಅದು. ಅದರ ಹಿಂದೆ ಜಿ.ಎಚ್. ಕ್ರುಂಬಿಗೆಲ್ ಎಂಬ ಜರ್ಮನ್ ತೋಟಗಾರನ ಕೈಯಿತ್ತು. ಲಂಡನ್ನಿನ ಕ್ಯೂ ಉದ್ಯಾನದಿಂದ ಬರೋಡಾಕ್ಕೆ, ಅಲ್ಲಿಂದ 1908ರಲ್ಲಿ ಲಾಲ್‌ಬಾಗಿಗೆ ಬಂದವರು. 1956ರಲ್ಲಿ ತೀರಿಕೊಂಡದ್ದೂ ಬೆಂಗಳೂರಲ್ಲೇ. ಅದಕ್ಕೂ ಹಿಂದಿನ ನಮ್ಮ ಅರಸರ ತೋಟಗಳಲ್ಲಿ ಮೆರೆದದ್ದು ಹಣ್ಣು, ಹೂ, ನೀರು. ತಾಜಮಹಲಿನ ಎದುರಿನ ಹುಲ್ಲುಹಾಸು ಕೂಡ ಮೊಗಲರದ್ದಲ್ಲ. ಲಾರ್ಡ್ ಕರ್ಜನ್ 1899ರಿಂದ 1905ರವರೆಗೆ ವೈಸರಾಯ್ ಆಗಿದ್ದಾಗ ನಡೆದ ಜೀರ್ಣೋದ್ಧಾರದ ಫಲ ಅದು.

ಆದರೆ ಇಂಗ್ಲೆಂಡಿನ ಹುಲ್ಲು ನಮ್ಮ ಬಿಸಿಲಿಗೆ ಸುಟ್ಟುಹೋಗುತ್ತದೆ. ಸಾಹೇಬರಿಗೆ ಕೊನೆಗೆ ಆಸರೆಯಾದದ್ದು ಯಾವುದು ಗೊತ್ತೇ? ನಮ್ಮ ಗರಿಕೆ! ಗಣಪತಿಯ ತಲೆಯ ಮೇಲಿಡುವ ಅದೇ ದೂರ್ವೆ. ಉತ್ತರದವರಿಗೆ ದೂಬ್, ಮುಂಬೈ ಮಾಲಿಗಳ ಬಾಯಲ್ಲಿ ಹರಿಯಾಲಿ. ಅದರ ಕಾಂಡ ನೆಲದ ಮೇಲೂ ಓಡುತ್ತದೆ, ಒಳಗೂ ಓಡುತ್ತದೆ. ಗಿಣ್ಣು ಗಿಣ್ಣಿಗೂ ಬೇರು. ಉಪ್ಪು ಮಣ್ಣನ್ನೂ ತಾಳಿಕೊಳ್ಳುತ್ತದೆ. ನಮ್ಮ ಪಕ್ಕದ ಕೋಕರಿ ಆಗರ್ ಹೆಸರಿನಲ್ಲೇ ಉಪ್ಪಿನ ಆಗರವಿದೆ, ಹೀಗಾಗಿ ಇಲ್ಲಿ ಗರಿಕೆಗೆ ತವರುಮನೆ. ಇದನ್ನು ಅಂಚಿನೊಳಗೆ ನಿಲ್ಲಿಸುವುದು ಅಂದರೆ ಮಾಲಿ ಕಾಕಾ ನಕ್ಕರು: "ಸಾಬ್, ಹರಿಯಾಲಿ ಕಿಸೀಕಿ ಸುನ್ತೀ ನಹೀ."

ವಿದ್ಯೆ ಹೇಳಿಕೊಟ್ಟವರೂ ಅವರೇ. ಎರಡು ಗೂಟದ ನಡುವೆ ಸುತಳಿ ಎಳೆದು ಕಟ್ಟಬೇಕು. ಮಣ್ಣು ಒದ್ದೆಯಿರುವಾಗ ಚೂಪಾದ ಸಲಿಕೆಯನ್ನು ನೆಟ್ಟಗೆ ಎರಡು ಮೂರು ಇಂಚು ಇಳಿಸಬೇಕು. ಹೊರಬದಿಯ ಮಣ್ಣನ್ನು ಖುರಪಿಯಿಂದ ಕೆರೆದು ಎರಡು ಬೆರಳಗಲದ ಚರಂಡಿ ಬಿಡಬೇಕು, ದಾಟಲು ಬಂದ ಕಾಂಡ ಅಲ್ಲಿ ಕಣ್ಣಿಗೆ ಬೀಳುತ್ತದೆ. ಕತ್ತರಿಸಿದ ಚೂರು ಬಿಟ್ಟರೆ ಕೆಟ್ಟೆವು, ಒಂದು ಗಿಣ್ಣಿದ್ದರೂ ಚಿಗುರುತ್ತದೆ. ಪ್ರತಿ ಸಲವೂ ಹಳೇ ಗೀಟಿನಲ್ಲೇ ಕತ್ತರಿಸಬೇಕು. ನಾನು ಮೊದಮೊದಲು ನೇರ ಬರಲಿಲ್ಲ ಅಂತ ಅರ್ಧರ್ಧ ಇಂಚು ಒಳಗೆ ಸರಿಯುತ್ತ ಹೋಗಿ, ಎರಡು ತಿಂಗಳಲ್ಲಿ ಎಂಟಡಿಯ ಲಾನ್ ಏಳೂಮುಕ್ಕಾಲಡಿ ಆಗಿತ್ತು!

ಈಗ ಯಂತ್ರವೂ ಇದೆ. ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬಲ್ಲಾಸ್ 1971ರಲ್ಲಿ ಕಾರು ತೊಳೆಯುವಲ್ಲಿ ತಿರುಗುವ ಬ್ರಷ್ ನೋಡಿ, ಪಾಪ್‌ಕಾರ್ನ್ ಡಬ್ಬಕ್ಕೆ ಮೀನಿನ ಗಾಳದ ನೈಲಾನ್ ದಾರ ಕಟ್ಟಿ ತಿರುಗಿಸಿದ. ಅಂಚಿನ ಹುಲ್ಲಿಗೆಂದು ಹುಟ್ಟಿದ ಈ ಉಪಾಯದ ಅಣ್ಣತಮ್ಮಂದಿರೇ ಇವತ್ತು ನಮ್ಮೂರ ಅಡಿಕೆ ತೋಟಗಳಲ್ಲಿ ಗುಂಯ್ ಅನ್ನುವ ಕಳೆ ಕೊಚ್ಚುವ ಯಂತ್ರಗಳು.

ಒಂದು ಭಾನುವಾರ ಬುಟ್ಟಿ ತುಂಬ ಕತ್ತರಿಸಿದ ಗರಿಕೆ ಹೊತ್ತು ಬರುತ್ತಿದ್ದೆ. ಊರಿಂದ ಬಂದಿದ್ದ ಅಮ್ಮ ನೋಡಿದರು. "ಎಂಥ ಮಾರಾಯ, ಗರಿಕೆಯನ್ನು ಬಿಸಾಡುವುದಾ? ದಾದರಿನಲ್ಲಿ ದುಡ್ಡು ಕೊಟ್ಟು ತರ್ತೀರಿ!" ಅಂದಿನಿಂದ ಸಂಕಷ್ಟಿಯ ದಿನ ಮೊದಲು ಅಮ್ಮ ಎಳೆಯ ಕುಡಿ ಆರಿಸುತ್ತಾರೆ, ಆಮೇಲೆ ನನ್ನ ಸಲಿಕೆ. ಅಂಗಳದಲ್ಲಿ ಹುಲ್ಲು ಕೆತ್ತಿಸುತ್ತಿದ್ದ ಅದೇ ಅಮ್ಮ.

ಇಷ್ಟಕ್ಕೂ ಪೇವರ್ ಬ್ಲಾಕಿಗೆ ನಾನು ಯಾಕೆ ಅಡ್ಡ ಬಂದೆ? 2005ರ ಜುಲೈ 26 ನನ್ನಿಂದ ಮರೆಯಲು ಆಗುವುದಿಲ್ಲ. ಒಂದೇ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ. ಆಫೀಸಿನಿಂದ ಹೊರಟವನು ಸೊಂಟದ ನೀರಿನಲ್ಲಿ ನಡೆದು ಮನೆ ಮುಟ್ಟುವಾಗ ಮಧ್ಯರಾತ್ರಿ ದಾಟಿತ್ತು. ಇಪ್ಪತ್ತಡಿ ಹುಲ್ಲು ಅಂಥ ನೀರನ್ನು ತಡೆಯುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ನೀರು ಇಂಗುವ ನೆಲ ಅಂತ ನಮ್ಮ ಕಾಂಪೌಂಡಿನಲ್ಲಿ ಉಳಿದಿರುವುದು ಅದೊಂದೇ.

ಆರು ತಿಂಗಳು ಮುಗಿದು ಮೊನ್ನೆ ಮತ್ತೆ ಮೀಟಿಂಗ್ ಆಯಿತು. ಪೇವರ್ ಬ್ಲಾಕಿನ ಕೊಟೇಶನ್ ಫೈಲಿಗೆ ಸೇರಿತು, 'ಮುಂದೆ ನೋಡೋಣ' ಅಂತ. ಎಡವಿದ್ದ ಹಿರಿಯರು ಹತ್ತಿರ ಬಂದು ಕಿವಿಯಲ್ಲಿ ಹೇಳಿದರು: "ಗೇಟಿನ ಕಡೆ ಗೀಟು ಸ್ವಲ್ಪ ಸೊಟ್ಟಗಿದೆ."

ಹೌದು, ಸೊಟ್ಟಗಿದೆ. ಬರುವ ಭಾನುವಾರ ಸುತಳಿ ಕಟ್ಟಬೇಕು.