ಎಲೆಕಂಕುಳಿನ ಕೆರೆಗಳು

ಬಯಲುಸೀಮೆಯವರಾದ ನಮಗೆ ನೀರೆಂದರೆ ಹೊಳೆ, ಇಲ್ಲವೆ ಕೆರೆ. ಹರಿಹರದವರಿಗೆ ತುಂಗಭದ್ರೆಯುಂಟು, ಚನ್ನಗಿರಿಯ ಕಡೆಯವರಿಗೆ ಸೂಳೆಕೆರೆಯುಂಟು. ದಾವಣಗೆರೆಗಂತೂ ಹೆಸರಿನಲ್ಲಿಯೇ ಒಂದು ಕೆರೆ ಸೇರಿಕೊಂಡಿದೆ. ಕೆರೆಯನ್ನು ಕಟ್ಟಿಸಿದವರ ಹೆಸರುಗಳನ್ನು ನಮ್ಮ ಶಾಸನಗಳು ಗೌರವದಿಂದ ಹೇಳುತ್ತವೆ. ಆದರೆ ಯಾವ ಶಾಸನವೂ ಹೇಳದ, ಯಾವ ದೊರೆಯೂ ಕಟ್ಟಿಸದ ಕೆರೆಗಳಿವೆ. ಅವುಗಳ ನೀರನ್ನು ಪಾವು ಸೇರುಗಳಲ್ಲಿ ಅಳೆಯಬಹುದು. ಗಿಡಮರಗಳೇ ಅವುಗಳನ್ನು ಕಟ್ಟಿದ ಒಡ್ಡರು. ಆ ಕಿರುಕೆರೆಗಳ ಚರಿತ್ರೆಯೇ ಇಂದಿನ ವಿಷಯ.

ಅನಾನಸ್ ಹಣ್ಣು ನಮಗೆಲ್ಲ ಪರಿಚಿತ. ಅಮೆರಿಕದ ಮೂಲನಿವಾಸಿಗಳ ನುಡಿಯಿಂದ ಬಂದ ಈ ಹೆಸರೂ ಹಣ್ಣೂ 16ನೆಯ ಶತಮಾನದಲ್ಲಿ ಪೋರ್ಚುಗೀಸರೊಡನೆ ನಮ್ಮ ದೇಶಕ್ಕೆ ಬಂದವು. ಅನಾನಸಿನ ಬಂಧುಬಳಗಕ್ಕೆ ಬ್ರೊಮೆಲಿಯಡ್ ಎಂದು ಹೆಸರು. ಈ ಕುಟುಂಬದ 3,000ಕ್ಕೂ ಮಿಕ್ಕ ಜಾತಿಗಳಲ್ಲಿ ಪಶ್ಚಿಮ ಆಫ್ರಿಕದ ಒಂದನ್ನುಳಿದು ಮಿಕ್ಕವೆಲ್ಲವೂ ಅಮೆರಿಕ ಖಂಡದವೇ. ಅನೇಕ ಜಾತಿಗಳು ಮರದ ಕೊಂಬೆಯ ಮೇಲೆ ಬೆಳೆಯುತ್ತವೆ. ಆದರೆ ನಮ್ಮ ಬದನಿಕೆಯಂತೆ ಮರದ ಸಾರವನ್ನು ಹೀರುವುದಿಲ್ಲ. ಬೇರಿನ ಕೆಲಸ ಹಿಡಿದುಕೊಳ್ಳುವುದಷ್ಟೆ. ಒಂದರ ಮೇಲೊಂದು ಒತ್ತಿಕೊಂಡ ಎಲೆಬುಡಗಳ ಬಟ್ಟಲಿನಲ್ಲಿ ಮಳೆನೀರು ನಿಲ್ಲುತ್ತದೆ. ದೊಡ್ಡ ಗಿಡಗಳಲ್ಲಿ ಹಲವು ಲೀಟರು ನೀರು ಹಿಡಿಯುವುದುಂಟು. ಮೇಲಿನಿಂದ ಉದುರಿದ ತರಗೆಲೆಯನ್ನು ಹುಳುಗಳು ಕತ್ತರಿಸುತ್ತವೆ, ಸೂಕ್ಷ್ಮಜೀವಿಗಳು ಕೊಳೆಯಿಸುತ್ತವೆ, ಸೊಳ್ಳೆಮರಿಗಳು ಸೋಸಿ ತಿನ್ನುತ್ತವೆ, ಅವನ್ನು ಏರೋಪ್ಲೇನ್ ಚಿಟ್ಟೆಯ ಮರಿಗಳು ಬೇಟೆಯಾಡುತ್ತವೆ. ಉಳಿದ ಸಾರವನ್ನು ಗಿಡವು ತನ್ನ ಎಲೆಯ ಮೇಲಿನ ಸಣ್ಣ ಹುರುಪೆಗಳಿಂದ ಹೀರಿಕೊಳ್ಳುತ್ತದೆ. ಜಮೈಕ ದ್ವೀಪದ ಒಂದು ಏಡಿಯಂತೂ ತನ್ನ ಮರಿಗಳನ್ನು ಈ ನೀರಿನಲ್ಲಿಯೇ ಸಾಕುತ್ತದೆ. ಚಿಪ್ಪು ಬೆಳೆಯಲು ಸುಣ್ಣ ಬೇಕೆಂದು ಬಸವನಹುಳುವಿನ ಚಿಪ್ಪನ್ನು ತಂದು ಹಾಕುತ್ತದೆ. ಬಾಣಂತಿತನವೆಂದರೆ ಇದೇ ಅಲ್ಲವೆ?

ಈ ಲೋಕವನ್ನು ಕಣ್ತೆರೆದು ನೋಡಿದವರಲ್ಲಿ ಮೊದಲಿಗನೆಂದು ಹೇಳಬೇಕಾದವನು ಫ್ರಿಟ್ಸ್ ಮ್ಯುಲರ್. 1852ರಲ್ಲಿ ಜರ್ಮನಿಯನ್ನು ಬಿಟ್ಟು ಬ್ರೆಜಿಲಿನ ಸಾಂತಾ ಕತರೀನ ಪ್ರಾಂತದಲ್ಲಿ ನೆಲೆಸಿದ ಈತ ಡಾರ್ವಿನ್ನನ ಪತ್ರಮಿತ್ರ. 1880ರಲ್ಲಿ ಈತನು ಬ್ರೊಮೆಲಿಯಡ್ಡಿನ ನೀರಿನಲ್ಲಿ ಮಾತ್ರ ಬಾಳುವ ಚಿಪ್ಪಿನ ಕಿರುಜಲಚರವೊಂದನ್ನು ವರ್ಣಿಸಿದನು. ಆ ಜೀವಿಯು ಕಪ್ಪೆಯ ಮೈಗಂಟಿಕೊಂಡು ಗಿಡದಿಂದ ಗಿಡಕ್ಕೆ ವಲಸೆ ಹೋಗುವುದೆಂದು ಈಗ ತಿಳಿದಿದೆ. 1913ರಲ್ಲಿ ಕೋಸ್ಟರಿಕದ ಕ್ಲೊಡೊಮಿರೊ ಪಿಕಾಡೊ ಈ ಗಿಡಗಳಲ್ಲಿ 200ಕ್ಕೂ ಹೆಚ್ಚು ಬಗೆಯ ಪ್ರಾಣಿಗಳನ್ನು ಪಟ್ಟಿಮಾಡಿದನು. 1928ರಲ್ಲಿ ಹಂಗೇರಿಯ ವರ್ಗ ಎಂಬ ವಿದ್ವಾಂಸನು ಗಿಡ ಮತ್ತು ಕೊಳ ಎಂಬರ್ಥದ ಗ್ರೀಕ್ ಪದಗಳನ್ನು ಕೂಡಿಸಿ ಇಂಥ ನೀರಿಗೆ ‘ಫೈಟೊಟೆಲ್ಮ’ ಎಂದು ಹೆಸರಿಟ್ಟನು.

ಆದರೆ ಈ ಕಥೆಗೆ ಇನ್ನೊಂದು ಮುಖವಿದೆ. ಜವುಗಿಲ್ಲದ ಬ್ರೆಜಿಲಿನ ಬೆಟ್ಟಗಾಡುಗಳಲ್ಲಿಯೂ ಮಲೇರಿಯ ಬರುವುದೇಕೆ? ಬ್ರೊಮೆಲಿಯಡ್ಡಿನಲ್ಲಿ ಹುಟ್ಟುವ ಸೊಳ್ಳೆಯೇ ಕಾರಣವೆಂದು ಅಡಾಲ್ಫೊ ಲುಟ್ಜ್ 1903ರಲ್ಲಿ ಬರೆದನು. ಟ್ರಿನಿಡಾಡಿನ ಕೋಕೋ ತೋಟಗಳಲ್ಲಿಯೂ ಅದೇ ಪಾಡು. 1940ರ ದಶಕದಲ್ಲಿ ಅಲ್ಲಿ ಕೆಲಸಮಾಡಿದ ಕಾಲಿನ್ ಪಿಟೆಂಡ್ರಿ ಒಂದು ಮರ್ಮವನ್ನು ಕಂಡನು. ಕೋಕೋವಿಗೆ ನೆರಳಾಗಲೆಂದು ಮನುಷ್ಯರೇ ನೆಟ್ಟ ಮರಗಳ ಮೇಲೆ ಬ್ರೊಮೆಲಿಯಡ್ಡುಗಳು ದಟ್ಟವಾಗಿ ಬೆಳೆದಿದ್ದವು. ಕೂಲಿಕಾರರು ಅವುಗಳ ಕೆಳಗೇ ದುಡಿಯುತ್ತಿದ್ದರು. ರೋಗವನ್ನು ಹೆಚ್ಚಿಸಿದ್ದು ಗಿಡಕ್ಕಿಂತಲೂ ತೋಟದ ಏರ್ಪಾಡು. ಆಮೇಲೆ ಮೈಲುತುತ್ತದ ದ್ರಾವಣವನ್ನೆರಚಿ ಗಿಡಗಳನ್ನು ಕೊಂದರು. ಮ್ಯುಲರ್ ಬಾಳಿದ ಸಾಂತಾ ಕತರೀನದಲ್ಲಿಯೂ ಅವುಗಳನ್ನು ಕಿತ್ತುಹಾಕಿದರು. ಜ್ವರದಿಂದ ನರಳಿದವರ ಮುಂದೆ ನಿಂತು ಇದು ತಪ್ಪೆನ್ನುವ ಧೈರ್ಯ ಯಾರಿಗಿದೆ? ಆದರೂ ತಪ್ಪು ಗಿಡದ್ದೆನ್ನುವುದು ನ್ಯಾಯವಲ್ಲ.

ನಮ್ಮ ನಾಡಿನಲ್ಲಿ ಬ್ರೊಮೆಲಿಯಡ್ಡುಗಳಿಲ್ಲದಿದ್ದರೇನು? ಕೆಸು, ಬಾಳೆ, ಕೇದಗೆಗಳ ಎಲೆಕಂಕುಳುಗಳಿವೆ, ಹಳೆಯ ಮರಗಳ ಪೊಟರೆಗಳಿವೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣರಾಯರು 1925ರಲ್ಲಿ ರಾಮಣ್ಣ ಎಂಬವರೊಡನೆ ಸೇರಿ ಕಪ್ಪೆಗಳ ಒಂದು ಗಣಕ್ಕೆ ‘ರಾಮನೆಲ್ಲ’ ಎಂದು ಹೆಸರಿಟ್ಟರು. ಇಂದು ಬೇರೆ ಗಣದಲ್ಲಿ ಸೇರಿಹೋಗಿರುವ ಈ ಗುಂಪಿನ ಕೆಲವು ಕಪ್ಪೆಗಳು ಪಶ್ಚಿಮಘಟ್ಟದ ಪೊಟರೆಗಳ ನೀರಿನಲ್ಲಿ ಮೊಟ್ಟೆಯಿಡುತ್ತವೆ. 2010ರಲ್ಲಿ ಪೊದೆಗಪ್ಪೆಗಳ ಒಂದು ಗಣಕ್ಕೆ ರಾಯರ ಹೆಸರನ್ನೇ ಇಡಲಾಯಿತು. 19ನೆಯ ಶತಮಾನದಲ್ಲಿ ಒಮ್ಮೆ ಕಂಡು ಮರೆಯಾಗಿದ್ದ ಒಂದು ಪೊಟರೆಗಪ್ಪೆಯು ಈಶಾನ್ಯ ಭಾರತದಲ್ಲಿ ಮತ್ತೆ ದೊರೆತ ಸುದ್ದಿ 2016ರಲ್ಲಿ ಬಂದಿತು. ಅದರ ಗೊದಮೊಟ್ಟೆಗಳಿಗೆ ತಾಯಿಯ ಮೊಟ್ಟೆಗಳೇ ಆಹಾರ.

ನಮ್ಮ ಊರುಗಳಲ್ಲಿ ಡೆಂಗ್ಯೂವನ್ನು ಹರಡುವ ಸೊಳ್ಳೆಯ ತವರೂ ಪೊಟರೆಯೇ. ಆಫ್ರಿಕದ ಕಾಡಿನ ಮರಗಳಿಂದ ಹೊರಟು, ಹಡಗಿನ ಪೀಪಾಯಿಗಳನ್ನೇರಿ, ಅದು ಜಗತ್ತನ್ನು ಸುತ್ತಿತು. ನಮ್ಮ ಡ್ರಮ್ಮು, ಹಳೆಯ ಟೈರು, ತೆಂಗಿನ ಚಿಪ್ಪುಗಳು ಅದಕ್ಕೆ ಪೊಟರೆಗಳೇ ಆದವು. ವ್ಯತ್ಯಾಸವೊಂದೇ: ಕಾಡಿನ ಪೊಟರೆಯಲ್ಲಿ ಸೊಳ್ಳೆಮರಿಯನ್ನು ತಿನ್ನುವ ಜೀವಿಗಳೂ ಇರುತ್ತವೆ. ಮನುಷ್ಯನನ್ನು ಕಚ್ಚದ ಒಂದು ದೊಡ್ಡ ಸೊಳ್ಳೆಯ ಮರಿಯೇ ಇತರ ಸೊಳ್ಳೆಮರಿಗಳಿಗೆ ಯಮ. ನಮ್ಮ ಡ್ರಮ್ಮಿನಲ್ಲಿ ಆ ನೆರೆಹೊರೆಯಿಲ್ಲ, ನೀರಿದೆ, ಸಮಾಜವಿಲ್ಲ.

ನಲ್ಲಿಯ ನೀರಿಗೆ ಕಾದು ಕೂಡಿಡಬೇಕಾದ ಊರಿನಲ್ಲಿ ಡ್ರಮ್ಮನ್ನು ಬಿಡಿರೆನ್ನಲಾಗದು. ಅದನ್ನು ಭದ್ರವಾಗಿ ಮುಚ್ಚಬಹುದು, ವಾರಕ್ಕೊಮ್ಮೆ ಬರಿದುಮಾಡಿ ಉಜ್ಜಬಹುದು. ಈಚೆಗೆ ಅಲಂಕಾರಕ್ಕೆಂದು ಮನೆಗಳಿಗೆ ಬಂದಿರುವ ಬ್ರೊಮೆಲಿಯಡ್ಡಿನ ಬಟ್ಟಲಿಗೂ ಇದೇ ನಿಯಮ ಸಲ್ಲುತ್ತದೆ. ಆದರೆ ಊರಾಚೆಯ ಮುದಿಮರವನ್ನು ಟೊಳ್ಳೆಂಬ ಒಂದೇ ಕಾರಣಕ್ಕೆ ಉರುಳಿಸುವ ಮುನ್ನ ಒಮ್ಮೆ ಒಳಗೆ ಇಣುಕಿ ನೋಡೋಣ. ಕೆರೆಯನ್ನು ಒಂದು ವರ್ಷದಲ್ಲಿ ಕಟ್ಟಬಹುದು. ಪೊಟರೆಯಾಗಲು ಮರವು ಹಲವು ತಲೆಮಾರು ಮುಪ್ಪಾಗಬೇಕು.