ಎಂಡೊಮೆಟ್ರಿಯೋಸಿಸ್

ಎಂಡೊಮೆಟ್ರಿಯೋಸಿಸ್ ಎಂಬುದು ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ ಬೆಳೆಯುವುದರಿಂದ ಉಂಟಾಗುವ ದೀರ್ಘಕಾಲಿಕ ಕಾಯಿಲೆ. ಮುಟ್ಟಿನ ಸಮಯದ ತೀವ್ರ ನೋವು, ಕಿಬ್ಬೊಟ್ಟೆಯಲ್ಲಿ ನಿರಂತರ ನೋವು, ಆಯಾಸ ಮತ್ತು ಗರ್ಭಧಾರಣೆಯ ತೊಂದರೆ ಇದರ ಪ್ರಮುಖ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನೋತ್ಪತ್ತಿಯ ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ಶೇ. 10ರಷ್ಟು, ಅಂದರೆ ಜಗತ್ತಿನಾದ್ಯಂತ ಸುಮಾರು 19 ಕೋಟಿ ಮಂದಿ, ಈ ಕಾಯಿಲೆಯಿಂದ ಬಳಲುತ್ತಿದ್ದಾರೆ. ಇದು ಸಾಂಕ್ರಾಮಿಕವಲ್ಲ, ಕ್ಯಾನ್ಸರ್ ಕೂಡ ಅಲ್ಲ. ಇದನ್ನು ಸಂಪೂರ್ಣವಾಗಿ ಗುಣಪಡಿಸುವ ಚಿಕಿತ್ಸೆ ಇನ್ನೂ ದೊರೆತಿಲ್ಲ. ಆದರೆ ಸಕಾಲದಲ್ಲಿ ಗುರುತಿಸಿ ಸೂಕ್ತ ಚಿಕಿತ್ಸೆ ನೀಡಿದರೆ ನೋವನ್ನು ಹತೋಟಿಯಲ್ಲಿಟ್ಟು ಓದು, ಉದ್ಯೋಗ ಮತ್ತು ಸಂಸಾರವನ್ನು ನಡೆಸಿಕೊಂಡು ಹೋಗಲು ಸಾಧ್ಯ. ಮುಟ್ಟಿನ ನೋವನ್ನು ಸಹಜವೆಂದು ಭಾವಿಸುವ ರೂಢಿಯಿಂದಾಗಿ ಕಾಯಿಲೆ ಹಲವು ವರ್ಷಗಳ ಕಾಲ ಪತ್ತೆಯಾಗದೆ ಉಳಿಯುವುದೇ ಇದರ ನಿರ್ವಹಣೆಗೆ ಇರುವ ದೊಡ್ಡ ಅಡಚಣೆ.

ರೋಗದ ಸ್ವರೂಪ

ಗರ್ಭಕೋಶದ ಒಳಪದರವು ಪ್ರತಿ ತಿಂಗಳೂ ಹಾರ್ಮೋನುಗಳ ಪ್ರಭಾವದಿಂದ ದಪ್ಪವಾಗಿ, ಗರ್ಭ ನಿಲ್ಲದಿದ್ದಾಗ ಕಳಚಿ ಮುಟ್ಟಿನ ರೂಪದಲ್ಲಿ ಹೊರಹೋಗುತ್ತದೆ. ಇದೇ ಬಗೆಯ ಅಂಗಾಂಶವು ಬೇರೆಡೆ ಬೆಳೆದಾಗ ಅದೂ ಈಸ್ಟ್ರೊಜೆನ್ ಹಾರ್ಮೋನಿಗೆ ಸ್ಪಂದಿಸುತ್ತದೆ. ಆದರೆ ಅಲ್ಲಿ ಒಸರುವ ರಕ್ತಕ್ಕೆ ಹೊರಹೋಗುವ ದಾರಿಯಿಲ್ಲ. ಸುತ್ತಲಿನ ಭಾಗದಲ್ಲಿ ಉರಿಯೂತವುಂಟಾಗಿ, ಕಾಲಕ್ರಮೇಣ ಗಾಯದ ಕಲೆಯಂತಹ ಗಟ್ಟಿ ಅಂಗಾಂಶ ಬೆಳೆಯುತ್ತದೆ. ಪಕ್ಕಪಕ್ಕದ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಉಂಟು.

ಅಂಡಾಶಯಗಳು, ಅಂಡನಾಳಗಳು, ಉದರದ ಒಳಗೋಡೆಯನ್ನು ಆವರಿಸಿರುವ ಪೆರಿಟೋನಿಯಂ ಎಂಬ ಪೊರೆ, ಗರ್ಭಕೋಶ ಮತ್ತು ಗುದನಾಳದ ನಡುವಿನ ಜಾಗ, ಕರುಳು ಹಾಗೂ ಮೂತ್ರಕೋಶ ಈ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವ ಸ್ಥಳಗಳು. ಅಪರೂಪಕ್ಕೆ ಹೊಕ್ಕುಳು, ಸಿಸೇರಿಯನ್ ಹೆರಿಗೆಯ ಹೊಲಿಗೆಯ ಜಾಗ, ವಪೆ ಮತ್ತು ಶ್ವಾಸಕೋಶಗಳಲ್ಲಿಯೂ ಕಂಡುಬರುತ್ತದೆ. ಅಂಡಾಶಯದಲ್ಲಿ ಹಳೆಯ ರಕ್ತ ಶೇಖರವಾಗಿ ಉಂಟಾಗುವ ಗಂಟಿಗೆ, ಅದರೊಳಗಿನ ಗಾಢ ಕಂದು ದ್ರವದ ಕಾರಣದಿಂದ, 'ಚಾಕೊಲೇಟ್ ಸಿಸ್ಟ್' ಎಂಬ ಹೆಸರು ರೂಢಿಯಲ್ಲಿದೆ.

ಕಾರಣಗಳು

ಕಾಯಿಲೆಯ ನಿಖರ ಕಾರಣ ಇನ್ನೂ ನಿರ್ಧಾರವಾಗಿಲ್ಲ. ಹೆಚ್ಚು ಪ್ರಚಲಿತವಾಗಿರುವ ಸಿದ್ಧಾಂತದ ಪ್ರಕಾರ, ಮುಟ್ಟಿನ ರಕ್ತದ ಒಂದಂಶ ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಹರಿದು ಉದರವನ್ನು ಸೇರುತ್ತದೆ. ಅದರಲ್ಲಿರುವ ಜೀವಕೋಶಗಳು ಅಲ್ಲಿ ನೆಲೆಯೂರುತ್ತವೆ. ಆದರೆ ಇಂತಹ ಹಿಮ್ಮುಖ ಹರಿವು ಬಹುಪಾಲು ಸ್ತ್ರೀಯರಲ್ಲಿ ನಡೆಯುತ್ತದೆ, ಕಾಯಿಲೆ ಬರುವುದು ಕೆಲವರಿಗೆ ಮಾತ್ರ. ಆದ್ದರಿಂದ ರೋಗನಿರೋಧಕ ವ್ಯವಸ್ಥೆಯ ಲೋಪ ಮತ್ತು ಆನುವಂಶಿಕತೆಯ ಪಾತ್ರವೂ ಇದೆಯೆಂದು ಭಾವಿಸಲಾಗಿದೆ. ಪೆರಿಟೋನಿಯಂನ ಜೀವಕೋಶಗಳೇ ರೂಪಾಂತರ ಹೊಂದುತ್ತವೆ ಎಂಬುದು ಇನ್ನೊಂದು ಸಿದ್ಧಾಂತ. ದೂರದ ಅಂಗಗಳಲ್ಲಿ ಕಾಯಿಲೆ ಕಾಣಿಸಿಕೊಳ್ಳುವುದನ್ನು ರಕ್ತನಾಳ ಮತ್ತು ದುಗ್ಧನಾಳಗಳ ಮೂಲಕ ಜೀವಕೋಶಗಳು ಸಾಗುವುದರಿಂದ ವಿವರಿಸಲಾಗುತ್ತದೆ.

ತಾಯಿ ಅಥವಾ ಸೋದರಿಗೆ ಈ ಕಾಯಿಲೆ ಇದ್ದರೆ, ಚಿಕ್ಕ ವಯಸ್ಸಿನಲ್ಲಿಯೇ ಮೈನೆರೆದಿದ್ದರೆ, ಅಥವಾ ಮುಟ್ಟಿನ ಸ್ರಾವ ಅಧಿಕವಾಗಿದ್ದು ಋತುಚಕ್ರದ ಅವಧಿ ಕಡಿಮೆಯಿದ್ದರೆ ಕಾಯಿಲೆಯ ಸಾಧ್ಯತೆ ಹೆಚ್ಚು. ಮಡಿ-ಮೈಲಿಗೆಯ ಉಲ್ಲಂಘನೆ, ದೃಷ್ಟಿದೋಷ, 'ಉಷ್ಣ' ಪದಾರ್ಥಗಳ ಸೇವನೆ ಮೊದಲಾದವು ಇದಕ್ಕೆ ಕಾರಣವೆಂಬ ನಂಬಿಕೆಗಳಿಗೆ ವೈದ್ಯಕೀಯ ಆಧಾರವಿಲ್ಲ.

ಲಕ್ಷಣಗಳು

* ದೈನಂದಿನ ಕೆಲಸಕ್ಕೆ ಅಡ್ಡಿಯಾಗುವಷ್ಟು ತೀವ್ರವಾದ ಮುಟ್ಟಿನ ನೋವು. ಅದು ಮುಟ್ಟಿಗೆ ಕೆಲವು ದಿನ ಮೊದಲೇ ಆರಂಭವಾಗಬಹುದು
* ಮುಟ್ಟಿಲ್ಲದ ದಿನಗಳಲ್ಲಿಯೂ ಕಿಬ್ಬೊಟ್ಟೆ, ಸೊಂಟ ಅಥವಾ ತೊಡೆಯ ಭಾಗದಲ್ಲಿ ನೋವು
* ಲೈಂಗಿಕ ಸಂಪರ್ಕದ ವೇಳೆ ಅಥವಾ ಆನಂತರ ನೋವು
* ಮಲ-ಮೂತ್ರ ವಿಸರ್ಜನೆಯಲ್ಲಿ ನೋವು, ವಿಶೇಷವಾಗಿ ಮುಟ್ಟಿನ ದಿನಗಳಲ್ಲಿ
* ಹೊಟ್ಟೆಯುಬ್ಬರ, ವಾಕರಿಕೆ, ಭೇದಿ ಅಥವಾ ಮಲಬದ್ಧತೆ
* ಅತಿಯಾದ ಆಯಾಸ, ಖಿನ್ನತೆ, ಆತಂಕ
* ಗರ್ಭಧಾರಣೆಯಲ್ಲಿ ತೊಂದರೆ

ನೋವಿನ ತೀವ್ರತೆಗೂ ಕಾಯಿಲೆಯ ವ್ಯಾಪ್ತಿಗೂ ನೇರ ಸಂಬಂಧವಿಲ್ಲ. ಕೆಲವೇ ಚುಕ್ಕೆಗಳಷ್ಟು ಕಾಯಿಲೆಯಿದ್ದವರು ಹಾಸಿಗೆ ಹಿಡಿಯುವಂತಾಗಬಹುದು. ಅಂಗಗಳು ಅಂಟಿಕೊಂಡಿರುವ ಹಂತ ತಲುಪಿದವರಿಗೆ ನೋವೇ ಇಲ್ಲದಿರಬಹುದು. ಹೀಗಾಗಿ ಸ್ಕ್ಯಾನಿಂಗ್ ವರದಿಯನ್ನು ನೋಡಿ ನೋವನ್ನು ಅಳೆಯಲು ಬರುವುದಿಲ್ಲ.

ಮುಟ್ಟಿನ ಮೊದಲ ಒಂದೆರಡು ದಿನ ಕಾಣಿಸಿಕೊಂಡು ಸಾಮಾನ್ಯ ನೋವುನಿವಾರಕದಿಂದ ಶಮನವಾಗುವ ನೋವು ಅನೇಕರಲ್ಲಿ ಸಹಜವಾಗಿರುತ್ತದೆ. ಪ್ರತಿ ತಿಂಗಳೂ ಶಾಲೆ ಅಥವಾ ಕೆಲಸ ತಪ್ಪಿಸುವ, ಮಾತ್ರೆಗೂ ಬಗ್ಗದ, ವರ್ಷದಿಂದ ವರ್ಷಕ್ಕೆ ಹೆಚ್ಚುವ ನೋವಿಗೆ ವೈದ್ಯರ ತಪಾಸಣೆ ಅಗತ್ಯ.

ರೋಗನಿರ್ಣಯ

ರೋಗಲಕ್ಷಣಗಳ ಪೂರ್ವಾಪರವನ್ನು ವಿವರವಾಗಿ ಕೇಳಿ ತಿಳಿಯುವುದು ರೋಗನಿರ್ಣಯದ ಮೊದಲ ಹೆಜ್ಜೆ. ಬಳಿಕ ದೈಹಿಕ ಪರೀಕ್ಷೆ, ಅಲ್ಟ್ರಾಸೌಂಡ್ ಮತ್ತು ಅಗತ್ಯವಿದ್ದಲ್ಲಿ ಎಂಆರ್‌ಐ ನಡೆಸಲಾಗುತ್ತದೆ. ಚಾಕೊಲೇಟ್ ಸಿಸ್ಟ್‌ಗಳು ಹಾಗೂ ಆಳಕ್ಕಿಳಿದ ಕಾಯಿಲೆ ಇವುಗಳಲ್ಲಿ ಗೋಚರಿಸುತ್ತವೆ. ಪೊರೆಯ ಮೇಲಿನ ಸಣ್ಣ ಚುಕ್ಕೆಗಳು ಸಾಮಾನ್ಯವಾಗಿ ಗೋಚರಿಸುವುದಿಲ್ಲ. ಆದುದರಿಂದ 'ಸ್ಕ್ಯಾನಿಂಗ್ ಸರಿಯಾಗಿದೆ' ಎಂಬ ಮಾತ್ರಕ್ಕೆ ಕಾಯಿಲೆ ಇಲ್ಲವೆಂದು ಅರ್ಥವಲ್ಲ. ಸಿಎ-125 ಎಂಬ ರಕ್ತಪರೀಕ್ಷೆಯು ರೋಗನಿರ್ಣಯಕ್ಕೆ ಸಾಲದು.

ಉದರದಲ್ಲಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ ನೋಡುವ ಲ್ಯಾಪರೊಸ್ಕೋಪಿಯನ್ನು ದೀರ್ಘಕಾಲ ಅಂತಿಮ ಪ್ರಮಾಣವೆಂದು ಪರಿಗಣಿಸಲಾಗಿತ್ತು. ಮಾನವ ಸಂತಾನೋತ್ಪತ್ತಿ ಮತ್ತು ಭ್ರೂಣಶಾಸ್ತ್ರದ ಯುರೋಪಿಯನ್ ಸಂಘವು 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಈ ನಿಲುವನ್ನು ಬದಲಿಸಿತು. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದಾಗ ಅಥವಾ ಔಷಧ ಫಲಿಸದಿದ್ದಾಗ, ಇಲ್ಲವೇ ಔಷಧ ರೋಗಿಗೆ ಒಗ್ಗದಿದ್ದಾಗ ಮಾತ್ರ ಲ್ಯಾಪರೊಸ್ಕೋಪಿಯನ್ನು ಅದು ಸೂಚಿಸುತ್ತದೆ. ಇದರಿಂದ ಶಸ್ತ್ರಚಿಕಿತ್ಸೆಗಾಗಿ ಕಾಯದೆ ಚಿಕಿತ್ಸೆಯನ್ನು ಆರಂಭಿಸಲು ಅವಕಾಶವಾಗಿದೆ.

ರೋಗನಿರ್ಣಯದ ವಿಳಂಬ ಜಗತ್ತಿನೆಲ್ಲೆಡೆ ಕಂಡುಬರುತ್ತದೆ. ಬ್ರಿಟನ್ನಿನ ಸರ್ವಪಕ್ಷ ಸಂಸದೀಯ ಗುಂಪು 2020ರಲ್ಲಿ ಪ್ರಕಟಿಸಿದ ವರದಿಯಂತೆ ಅಲ್ಲಿ ಕಾಯಿಲೆ ಖಚಿತವಾಗಲು ಸರಾಸರಿ 8 ವರ್ಷ ಹಿಡಿಯುತ್ತಿತ್ತು. ಲಕ್ಷಣಗಳು ಕರುಳು ಮತ್ತು ಮೂತ್ರಕೋಶದ ಕಾಯಿಲೆಗಳನ್ನು ಹೋಲುವುದು ವಿಳಂಬಕ್ಕೆ ಒಂದು ಕಾರಣ. 'ಹೆಣ್ಣಾದ ಮೇಲೆ ಇದೆಲ್ಲ ಇದ್ದದ್ದೇ', 'ಮದುವೆಯಾಗಿ ಒಂದು ಮಗುವಾದರೆ ಸರಿಹೋಗುತ್ತದೆ' ಎಂಬಂತಹ ಮಾತುಗಳಿಂದ ನೋವನ್ನು ತಳ್ಳಿಹಾಕುವುದು ಮತ್ತೊಂದು. ಗರ್ಭಿಣಿಯಾಗಿರುವಾಗ ಮುಟ್ಟು ನಿಲ್ಲುವುದರಿಂದ ಕೆಲವರಲ್ಲಿ ನೋವು ತಾತ್ಕಾಲಿಕವಾಗಿ ಕಡಿಮೆಯಾಗಬಹುದು. ಆದರೆ ಗರ್ಭಧಾರಣೆ ಈ ಕಾಯಿಲೆಗೆ ಚಿಕಿತ್ಸೆಯಲ್ಲ.

ಚಿಕಿತ್ಸೆ

ರೋಗಿಯ ವಯಸ್ಸು, ನೋವಿನ ಪ್ರಮಾಣ ಮತ್ತು ಮಕ್ಕಳನ್ನು ಪಡೆಯುವ ಇಚ್ಛೆಯನ್ನು ಆಧರಿಸಿ ಚಿಕಿತ್ಸೆ ನಿರ್ಧಾರವಾಗುತ್ತದೆ.

ಔಷಧಗಳು: ಐಬುಪ್ರೊಫೇನ್, ಮೆಫೆನಾಮಿಕ್ ಆಮ್ಲ ಮುಂತಾದ ನೋವುನಿವಾರಕಗಳನ್ನು ಮೊದಲಿಗೆ ನೀಡಲಾಗುತ್ತದೆ. ಹಾರ್ಮೋನು ಚಿಕಿತ್ಸೆಯು ಮುಟ್ಟನ್ನು ಹಗುರಗೊಳಿಸುವ ಅಥವಾ ನಿಲ್ಲಿಸುವ ಮೂಲಕ ಕಾಯಿಲೆಯನ್ನು ಅಡಗಿಸುತ್ತದೆ. ಗರ್ಭನಿರೋಧಕ ಮಾತ್ರೆಗಳು, ಡೈನೊಜೆಸ್ಟ್‌ನಂತಹ ಪ್ರೊಜೆಸ್ಟಿನ್ ಮಾತ್ರೆಗಳು ಮತ್ತು ಹಾರ್ಮೋನು ಸೂಸುವ, ಗರ್ಭಕೋಶದೊಳಗೆ ಅಳವಡಿಸುವ ಸಾಧನ ಈ ಗುಂಪಿಗೆ ಸೇರುತ್ತವೆ. ಅವಿವಾಹಿತ ಯುವತಿಯರಿಗೆ ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟಾಗ ಮನೆಯವರು ಹಿಂಜರಿಯುವುದುಂಟು. ಇಲ್ಲಿ ಅದರ ಬಳಕೆ ನೋವಿನ ಶಮನಕ್ಕೆ, ಮತ್ತು ಅದನ್ನು ಬಿಟ್ಟ ನಂತರ ಗರ್ಭಧಾರಣೆಯ ಸಾಮರ್ಥ್ಯ ಮರಳುತ್ತದೆ. ಈಸ್ಟ್ರೊಜೆನ್ ಉತ್ಪಾದನೆಯನ್ನೇ ತಗ್ಗಿಸುವ ಲ್ಯೂಪ್ರೊಲೈಡ್‌ನಂತಹ ಚುಚ್ಚುಮದ್ದುಗಳಿಂದ ಮೂಳೆ ಸವೆಯುವ ಅಪಾಯವಿದೆ. ಆದ್ದರಿಂದ ಅವುಗಳ ಜೊತೆಗೆ ಅಲ್ಪ ಪ್ರಮಾಣದ ಹಾರ್ಮೋನನ್ನು ಪೂರಕವಾಗಿ ನೀಡಲಾಗುತ್ತದೆ. ಹಾರ್ಮೋನು ಔಷಧಗಳನ್ನು ನಿಲ್ಲಿಸಿದಾಗ ಲಕ್ಷಣಗಳು ಮರುಕಳಿಸಬಹುದು.

ಶಸ್ತ್ರಚಿಕಿತ್ಸೆ: ಲ್ಯಾಪರೊಸ್ಕೋಪಿಯ ಮೂಲಕ ಕಾಯಿಲೆಯ ಅಂಗಾಂಶವನ್ನು ಕತ್ತರಿಸಿ ತೆಗೆಯಲಾಗುತ್ತದೆ ಅಥವಾ ಸುಡಲಾಗುತ್ತದೆ. ಅನೇಕರಿಗೆ ಇದರಿಂದ ಉಪಶಮನ ದೊರೆಯುತ್ತದೆಯಾದರೂ ಕಾಯಿಲೆ ಮತ್ತೆ ಬರುವ ಸಾಧ್ಯತೆ ಇದ್ದೇ ಇರುತ್ತದೆ. ಅಂಡಾಶಯದ ಗಂಟನ್ನು ತೆಗೆಯುವಾಗ ಅಂಡಗಳ ಸಂಗ್ರಹ ಕುಂದಬಹುದಾದ್ದರಿಂದ, ಮಕ್ಕಳನ್ನು ಬಯಸುವವರು ಈ ಕುರಿತು ಮುಂಚಿತವಾಗಿ ಸಮಾಲೋಚಿಸುವುದು ಮುಖ್ಯ.

ಗರ್ಭಕೋಶವನ್ನು ತೆಗೆಯುವುದು: ಕಾಯಿಲೆ ಗರ್ಭಕೋಶದ ಹೊರಗಿರುವುದರಿಂದ ಗರ್ಭಕೋಶವನ್ನು ತೆಗೆದ ಮಾತ್ರಕ್ಕೆ ನೋವು ನಿಲ್ಲುವ ಖಾತರಿಯಿಲ್ಲ. ಅಂಡಾಶಯಗಳನ್ನೂ ತೆಗೆದರೆ ಮುಟ್ಟು ಅಕಾಲದಲ್ಲಿ ನಿಂತು ಮೂಳೆ ಮತ್ತು ಹೃದಯದ ಕಾಯಿಲೆಗಳ ಅಪಾಯ ಹೆಚ್ಚುತ್ತದೆ. ಬೇರೆ ಚಿಕಿತ್ಸೆಗಳು ಫಲಿಸದೆ, ಮಕ್ಕಳ ಅಪೇಕ್ಷೆಯೂ ಇಲ್ಲದಿದ್ದಾಗ ಮಾತ್ರ ಇದನ್ನು ಪರಿಗಣಿಸಲಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ. 3ರಷ್ಟು ಮಂದಿ ಗರ್ಭಕೋಶವನ್ನು ತೆಗೆಸಿಕೊಂಡಿದ್ದರು. ಈ ಶಸ್ತ್ರಚಿಕಿತ್ಸೆಗಳಲ್ಲಿ ಹೆಚ್ಚಿನವು ಖಾಸಗಿ ಆಸ್ಪತ್ರೆಗಳಲ್ಲಿ ನಡೆದಿದ್ದವು. ಬಿಹಾರ, ಛತ್ತೀಸಗಢ ಮತ್ತು ರಾಜಸ್ಥಾನಗಳಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆದ ಆರೋಪಗಳ ಬಗ್ಗೆ ಸಲ್ಲಿಕೆಯಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು 2023ರಲ್ಲಿ ಇತ್ಯರ್ಥಪಡಿಸಿದ ಸುಪ್ರೀಂ ಕೋರ್ಟ್, ಇಂತಹ ಶಸ್ತ್ರಚಿಕಿತ್ಸೆಗಳ ಮೇಲೆ ನಿಗಾ ವಹಿಸಲು ಕೇಂದ್ರ ಸರ್ಕಾರ ರೂಪಿಸಿದ ಮಾರ್ಗಸೂಚಿಗಳನ್ನು 3 ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ರಾಜ್ಯಗಳಿಗೆ ನಿರ್ದೇಶಿಸಿತು.

ಸಂತಾನ: ಈ ಕಾಯಿಲೆಯುಳ್ಳ ಅನೇಕರು ಸಹಜವಾಗಿಯೇ ಗರ್ಭ ಧರಿಸುತ್ತಾರೆ. ತೊಂದರೆಯಾದಲ್ಲಿ ಶಸ್ತ್ರಚಿಕಿತ್ಸೆ ಅಥವಾ ಪ್ರನಾಳ ಶಿಶು ವಿಧಾನದ ನೆರವು ಪಡೆಯಬಹುದು.

ಕಾಯಿಲೆಯೊಂದಿಗೆ ಬದುಕು

ಕಾಯಿಲೆಯು ಮೈನೆರೆದಾಗಿನಿಂದ ಮುಟ್ಟು ನಿಲ್ಲುವವರೆಗೆ, ಕೆಲವೊಮ್ಮೆ ಆನಂತರವೂ, ಮುಂದುವರಿಯಬಹುದಾದ್ದರಿಂದ ಔಷಧದಷ್ಟೇ ದೈನಂದಿನ ನಿರ್ವಹಣೆಯೂ ಮುಖ್ಯವಾಗುತ್ತದೆ.

ನೋವು ಬಂದ ದಿನಾಂಕ, ಸ್ಥಳ, ತೀವ್ರತೆ, ಸ್ರಾವದ ಪ್ರಮಾಣ ಮತ್ತು ಸೇವಿಸಿದ ಮಾತ್ರೆಗಳನ್ನು ಎರಡು ಮೂರು ತಿಂಗಳ ಕಾಲ ದಿನಚರಿಯಲ್ಲಿ ದಾಖಲಿಸುವುದು ಉಪಯುಕ್ತ. ವೈದ್ಯರೊಂದಿಗಿನ ಕೆಲವೇ ನಿಮಿಷಗಳ ಭೇಟಿಯಲ್ಲಿ, ಬಾಯಿಬಿಟ್ಟು ಹೇಳಲು ಸಂಕೋಚಪಡುವವರಿಗೆ ಇಂತಹ ದಾಖಲೆ ಬಹಳ ನೆರವಾಗುತ್ತದೆ.

ಕಿಬ್ಬೊಟ್ಟೆಗೆ ಬಿಸಿನೀರಿನ ಚೀಲದ ಶಾಖ ಕೊಡುವುದು ಸರಳವಾದ ಉಪಶಮನ. ನಿರಂತರ ನೋವಿನಿಂದ ಸೊಂಟದ ತಳಭಾಗದ ಸ್ನಾಯುಗಳು ಬಿಗಿದುಕೊಂಡು ಅವೇ ನೋವಿನ ಮತ್ತೊಂದು ಮೂಲವಾಗುತ್ತವೆ. ಇವನ್ನು ಸಡಿಲಿಸುವ ಫಿಸಿಯೊಥೆರಪಿ ಲಭ್ಯವಿದೆ. ನಡಿಗೆ, ಯೋಗದಂತಹ ಹಗುರ ವ್ಯಾಯಾಮ ಹಾಗೂ ಸರಿಯಾದ ನಿದ್ರೆ ಕೆಲವರಿಗೆ ಅನುಕೂಲಕರ. ಯಾವುದೇ ನಿರ್ದಿಷ್ಟ ಆಹಾರಕ್ರಮದಿಂದ ಕಾಯಿಲೆ ವಾಸಿಯಾಗುತ್ತದೆಂಬುದಕ್ಕೆ ಆಧಾರವಿಲ್ಲ. ದೀರ್ಘಕಾಲದ ನೋವು ಮನಸ್ಸನ್ನೂ ಕುಗ್ಗಿಸುವುದರಿಂದ ಆಪ್ತಸಮಾಲೋಚನೆ ಚಿಕಿತ್ಸೆಯ ಅಂಗವೇ ಆಗಿದೆ. ಅದನ್ನು ಸೂಚಿಸಿದರೆ ನೋವು ಕಾಲ್ಪನಿಕವೆಂದು ಅರ್ಥವಲ್ಲ.

ಕುಟುಂಬದವರ, ವಿಶೇಷವಾಗಿ ಪತಿಯ, ತಿಳಿವಳಿಕೆ ಬದುಕಿನ ಗುಣಮಟ್ಟದ ಮೇಲೆ ಗಾಢ ಪರಿಣಾಮ ಬೀರುತ್ತದೆ. ದಾಂಪತ್ಯದಲ್ಲಿ ಸಂಪರ್ಕದ ನೋವನ್ನು ಅನಾಸಕ್ತಿಯೆಂದು ತಿಳಿಯುವುದು, ಮಕ್ಕಳಾಗದಿರುವ ಹೊಣೆಯನ್ನು ಸ್ತ್ರೀಯೊಬ್ಬಳ ಮೇಲೆ ಹೊರಿಸುವುದು, ನೋವಿನ ದಿನಗಳಲ್ಲಿ ಮನೆಗೆಲಸದಿಂದ ಬಿಡುವು ನೀಡದಿರುವುದು ಕಾಯಿಲೆಯ ಭಾರವನ್ನು ಹೆಚ್ಚಿಸುತ್ತವೆ.

ಈ ಕಾಯಿಲೆಯುಳ್ಳವರಲ್ಲಿ ಅಂಡಾಶಯದ ಕ್ಯಾನ್ಸರ್‌ನ ಸಾಧ್ಯತೆ ಇತರರಿಗಿಂತ ಸ್ವಲ್ಪ ಹೆಚ್ಚಾದರೂ, ಒಟ್ಟಾರೆ ಅಪಾಯ ಕಡಿಮೆಯೇ.

ಇತರ ದೀರ್ಘಕಾಲಿಕ ಸ್ತ್ರೀರೋಗಗಳು

ಅಡಿನೊಮಯೋಸಿಸ್‌ನಲ್ಲಿ ಇದೇ ಬಗೆಯ ಅಂಗಾಂಶ ಗರ್ಭಕೋಶದ ಸ್ನಾಯುಗೋಡೆಯೊಳಗೆ ಬೆಳೆದು ನೋವು ಮತ್ತು ಅತಿಸ್ರಾವ ಉಂಟುಮಾಡುತ್ತದೆ. ಫೈಬ್ರಾಯ್ಡ್‌ಗಳು ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆಗಳು. ಅತಿಸ್ರಾವವಿರುವವರು ರಕ್ತಹೀನತೆಯ ಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯ. ಮೇಲಿನ ಸಮೀಕ್ಷೆಯ ಪ್ರಕಾರವೇ ಭಾರತದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಪಿಸಿಓಎಸ್‌ನಲ್ಲಿ ನೋವಿಗಿಂತ ಮುಟ್ಟಿನ ಏರುಪೇರು, ಮುಖದ ಮೇಲೆ ಕೂದಲು, ಮೊಡವೆ ಮತ್ತು ಮುಂದೆ ಮಧುಮೇಹದ ಅಪಾಯ ಪ್ರಧಾನ. ಭಾರತದಲ್ಲಿ ಕಿಬ್ಬೊಟ್ಟೆಯ ನೋವು ಮತ್ತು ಬಂಜೆತನಕ್ಕೆ ಜನನಾಂಗದ ಕ್ಷಯವೂ ಕಾರಣವಾಗಬಹುದಾದ್ದರಿಂದ ವೈದ್ಯರು ಅದನ್ನೂ ಪರಿಶೀಲಿಸುತ್ತಾರೆ. ಒಬ್ಬರಲ್ಲಿಯೇ ಒಂದಕ್ಕಿಂತ ಹೆಚ್ಚು ಕಾಯಿಲೆಗಳು ಇರುವುದೂ ಅಪರೂಪವಲ್ಲ.

ಇತಿಹಾಸ

ಈ ಸ್ಥಿತಿಯನ್ನು 1860ರಲ್ಲಿ ಮೊದಲು ವಿವರಿಸಿದ ಶ್ರೇಯಸ್ಸನ್ನು ಸಾಮಾನ್ಯವಾಗಿ ವಿಯೆನ್ನಾದ ರೋಗಶಾಸ್ತ್ರಜ್ಞ ಕಾರ್ಲ್ ಫಾನ್ ರೋಕಿಟಾನ್ಸ್ಕಿಗೆ ನೀಡಲಾಗುತ್ತದೆ. ಅಮೆರಿಕದ ಸ್ತ್ರೀರೋಗತಜ್ಞ ಜಾನ್ ಸ್ಯಾಂಪ್ಸನ್ 1921ರಲ್ಲಿ ಚಾಕೊಲೇಟ್ ಸಿಸ್ಟ್‌ಗಳನ್ನು ವಿವರಿಸಿದನು. 'ಎಂಡೊಮೆಟ್ರಿಯೋಸಿಸ್' ಎಂಬ ಹೆಸರನ್ನು ಬಳಕೆಗೆ ತಂದವನೂ ಅವನೇ. 1927ರಲ್ಲಿ ಮುಟ್ಟಿನ ಹಿಮ್ಮುಖ ಹರಿವಿನ ಸಿದ್ಧಾಂತವನ್ನು ಮಂಡಿಸಿದನು.

ಸಾರ್ವಜನಿಕ ನೀತಿ

ಆಸ್ಟ್ರೇಲಿಯಾ 2018ರಲ್ಲಿ ಈ ಕಾಯಿಲೆಗಾಗಿ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಪ್ರಕಟಿಸಿತು. ಫ್ರಾನ್ಸ್ 2022ರಲ್ಲಿ ರಾಷ್ಟ್ರೀಯ ಕಾರ್ಯನೀತಿಯನ್ನು ಘೋಷಿಸಿತು. ಪ್ರತಿ ವರ್ಷ ಮಾರ್ಚ್ ತಿಂಗಳನ್ನು ಜಾಗೃತಿ ಮಾಸವಾಗಿ ಆಚರಿಸಲಾಗುತ್ತಿದ್ದು, ಹಳದಿ ಪಟ್ಟಿ ಅದರ ಸಂಕೇತವಾಗಿದೆ.

ಮುಟ್ಟಿನ ರಜೆಯ ವಿಷಯದಲ್ಲಿ ಬಿಹಾರವು 1992ರಲ್ಲಿಯೇ ಸರ್ಕಾರಿ ಮಹಿಳಾ ನೌಕರರಿಗೆ ತಿಂಗಳಿಗೆ 2 ದಿನಗಳ ರಜೆ ನೀಡಿತು. ಸ್ಪೇನ್ 2023ರಲ್ಲಿ ಕಾನೂನು ಮಾಡಿತು. ಅಲ್ಲಿ ರಜೆಗೆ ವೈದ್ಯರ ದೃಢೀಕರಣ ಬೇಕಾಗಿದ್ದು, ಕಾಯಿಲೆ ಪತ್ತೆಯಾಗದವರಿಗೆ ಅದು ಸುಲಭವಾಗಿ ದಕ್ಕುವುದಿಲ್ಲ. ಕರ್ನಾಟಕದ ಸಚಿವ ಸಂಪುಟವು 2025ರ ಅಕ್ಟೋಬರ್‌ನಲ್ಲಿ ಸರ್ಕಾರಿ ಮತ್ತು ಖಾಸಗಿ ವಲಯದ ಮಹಿಳಾ ಉದ್ಯೋಗಿಗಳಿಗೆ ತಿಂಗಳಿಗೆ 1 ದಿನದಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆ ನೀಡುವ ನೀತಿಗೆ ಒಪ್ಪಿಗೆ ನೀಡಿತು. ಇಂತಹ ರಜೆಯು ನೋವಿನ ದಿನಕ್ಕೆ ಬಿಡುವು ನೀಡುತ್ತದೆ. ತಿಂಗಳುತಿಂಗಳೂ ಮರಳುವ ತೀವ್ರ ನೋವಿನ ಮೂಲವನ್ನು ಪತ್ತೆಹಚ್ಚಲು ವೈದ್ಯಕೀಯ ತಪಾಸಣೆ ಆಗಲೇಬೇಕು.