ಹೆಸರಿಲ್ಲದ ಹೆಂಗಸು, ಹೆಸರುಳ್ಳ ರೈತ

ಹಳೇ ಫೋಟೊ ಕೈಗೆ ಸಿಕ್ಕರೆ ನಾವೆಲ್ಲ ಮೊದಲು ಕೇಳೋದು, ‘ಇವರು ಯಾರು?’ ರಷ್ಯಾದ ಒಂದು ಚಿತ್ರದ ಮುಂದೆ ನಿಂತ ಜನ 140 ವರ್ಷಗಳಿಂದ ಇದನ್ನೇ ಕೇಳುತ್ತಿದ್ದಾರೆ. ಉತ್ತರ ಸಿಕ್ಕಿಲ್ಲ.

1883ರಲ್ಲಿ ಇವಾನ್ ಕ್ರಾಮ್‌ಸ್ಕೊಯ್ ಬರೆದ ಎಣ್ಣೆ ಬಣ್ಣದ ಚಿತ್ರ ಅದು. ಸೇಂಟ್ ಪೀಟರ್ಸ್‌ಬರ್ಗ್ ನಗರದ ಚಳಿಗಾಲ. ಹಿಂದೆ ಮಂಜಿನಲ್ಲಿ ಮಸುಕಾದ ಅರಮನೆ. ತೆರೆದ ಸಾರೋಟಿನಲ್ಲಿ ಒಬ್ಬ ಯುವತಿ. ತುಪ್ಪಳದ ಅಂಚಿನ ಮಖಮಲ್ಲಿನ ಕೋಟು, ಗರಿ ಸಿಕ್ಕಿಸಿದ ಟೋಪಿ, ಕೈಯಲ್ಲಿ ಚಿನ್ನದ ಬಳೆ. ಮೇಲಿನಿಂದ ನಮ್ಮನ್ನೇ ನೋಡುತ್ತಿದ್ದಾಳೆ.

ಕ್ರಾಮ್‌ಸ್ಕೊಯ್ ಇಟ್ಟ ಹೆಸರು ‘ಅಪರಿಚಿತೆ’. ಅವಳು ಯಾರೆಂದು ಪತ್ರಗಳಲ್ಲೂ ಬರೆದಿಡಲಿಲ್ಲ. ಶ್ರೀಮಂತರ ಆಸರೆಯಲ್ಲಿರುವ ಹೆಣ್ಣೆಂದು ಕೆಲವರು ಆಡಿಕೊಂಡರು. ಟಾಲ್‌ಸ್ಟಾಯ್ ಕಾದಂಬರಿಯ ಅನ್ನಾ ಕರೆನಿನಾ ಇವಳೇ ಎಂದರು ಇನ್ನು ಕೆಲವರು. ಕಲಾಸಂಗ್ರಾಹಕ ಪಾವೆಲ್ ತ್ರೆತ್ಯಾಕೊವ್ ಆಗ ಚಿತ್ರವನ್ನು ಕೊಳ್ಳಲಿಲ್ಲ. ಮಾಸ್ಕೋದಲ್ಲಿ ಅವರದೇ ಹೆಸರಿನ ಗ್ಯಾಲರಿಗೆ ಅದು ಬಂದದ್ದು 1925ರಲ್ಲಿ.

ನಮಗೆ ಹೆಚ್ಚು ಹಿಡಿಸಿದ್ದು ಇದರ ಜೊತೆಗಿನ ಇನ್ನೊಂದು ಕಥೆ. ಅದೇ 1883ರಲ್ಲಿ ಕ್ರಾಮ್‌ಸ್ಕೊಯ್ ಒಬ್ಬ ಮುದುಕ ರೈತನ ಚಿತ್ರವನ್ನೂ ಮುಗಿಸಿದರು. ಮಾಸಿದ ನೀಲಿ ಅಂಗಿ, ಬಿಳಿ ಗಡ್ಡ, ಸುಕ್ಕುಗಟ್ಟಿದ ಮುಖ, ತೋಳಿಗೆ ನೇತುಹಾಕಿದ ಕುದುರೆಯ ಕಡಿವಾಣ. ಈತನ ಹೆಸರು ಗೊತ್ತಿದೆ: ಮೀನಾ ಮೊಯಿಸೆಯೆವ್. ಅಲ್ಲಿ ‘ಮೀನಾ’ ಗಂಡಸರ ಹೆಸರು.

ರಷ್ಯಾದ ರೈತರು ಜಮೀನ್ದಾರರ ಜೀತದಿಂದ ಬಿಡುಗಡೆಯಾದದ್ದು 1861ರಲ್ಲಿ. ಅದಕ್ಕೂ ಮುಂಚೆ ಜಮೀನಿನ ಜೊತೆ ಮನುಷ್ಯರನ್ನೂ ಮಾರುತ್ತಿದ್ದರು. 1863ರಲ್ಲಿ ಕ್ರಾಮ್‌ಸ್ಕೊಯ್ ಸೇರಿ 14 ವಿದ್ಯಾರ್ಥಿಗಳು, ಪುರಾಣದ ದೇವತೆಗಳ ಔತಣ ಬರೆಯಿರಿ ಎಂದ ರಾಜಾಶ್ರಯದ ಕಲಾಶಾಲೆಗೆ ಬೆನ್ನು ತಿರುಗಿಸಿ ಹೊರಬಂದರು. ಮುಂದೆ ಊರಿಂದೂರಿಗೆ ಚಿತ್ರಗಳನ್ನು ಹೊತ್ತೊಯ್ದು ಪ್ರದರ್ಶನ ಮಾಡುವ ಕಲಾವಿದರ ಸಂಘ ಕಟ್ಟಿದವರಲ್ಲಿ ಕ್ರಾಮ್‌ಸ್ಕೊಯ್ ಕೂಡ ಒಬ್ಬರು. ಕಂಡ ಬದುಕನ್ನು ಕಂಡಂತೆ ಬರೆಯಬೇಕು ಅನ್ನೋದು ಅವರ ಹಟ.

ಹೀಗೆ ಮಖಮಲ್ಲು ತೊಟ್ಟವಳ ಹೆಸರು ಮರೆಯಾಯಿತು, ಕಡಿವಾಣ ಹಿಡಿದವನ ಹೆಸರು ಉಳಿಯಿತು. ಸಾಮಾನ್ಯವಾಗಿ ಆಗೋದು ಇದಕ್ಕೆ ಉಲ್ಟಾ. ಸುದ್ದಿ ಬರೆಯುವ ನಾವೂ ಎಷ್ಟೋ ಸಲ ಫೋಟೊ ಕೆಳಗೆ ‘ಹೊಲದಲ್ಲಿ ರೈತ’, ‘ನಾಟಿ ಮಾಡುತ್ತಿರುವ ಮಹಿಳೆಯರು’ ಎಂದಷ್ಟೇ ಬರೆದು ಕೈ ತೊಳೆದುಕೊಂಡಿದ್ದೇವೆ. ಹೆಸರು ಕೇಳಲು ಎರಡು ನಿಮಿಷ ಸಾಕಿತ್ತು.

ನಿಮ್ಮ ಮನೆ ಗೋಡೆಯಲ್ಲೂ ಹಳೇ ಫೋಟೊ ಇರಬಹುದು. ಗುರುತು ಹಿಡಿಯುವ ಅಜ್ಜಿ ಇರುವಾಗಲೇ ಕೆಳಗಿಳಿಸಿ ಕೇಳಿ, ಹಿಂಬದಿಯಲ್ಲಿ ಎಲ್ಲರ ಹೆಸರು ಬರೆದಿಡಿ.